ನನ್ನ ಪುಸ್ತಕದಲ್ಲಿ ಎ, ಬಿ, ಸಿ ಇರಲಿಲ್ಲ

2023ರ ಮೇ 9, ಮಂಗಳವಾರ. ಮರುದಿನ ವಿಧಾನಸಭೆ ಚುನಾವಣೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿತೆಂದು ಅಮ್ಮ ಅಂಗಳದಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳವನ್ನು ಚಾಪೆ ಸಮೇತ ಜಗಲಿಗೆ ಎಳೆಸಿದ್ದಳು. ಗುಡುಗಿತು, ನಾಲ್ಕು ಹನಿ ಬಿತ್ತು, ಕರೆಂಟ್ ಹೋಯಿತು. ತೀರ್ಥಹಳ್ಳಿ ಕಡೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮೋಡ ಕಂಡರೆ ಸಾಕು, ಕರೆಂಟ್ ಹೋಗುತ್ತದೆ.

ಕತ್ತಲಾಗುವ ಹೊತ್ತಿಗೆ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ನಮ್ಮ ಪಕ್ಷದವರೇ. ಒಬ್ಬನನ್ನು ಅವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವಾಗಿನಿಂದ ಬಲ್ಲೆ. ಹೆಗಲಿನ ಬ್ಯಾಗು ಇಳಿಸಿ, ಹಪ್ಪಳದ ಪಕ್ಕದಲ್ಲೇ ಒಂದು ಕಾಗದದ ಕಟ್ಟು ಇಟ್ಟ.

"ಭಟ್ರೇ, ನಿಮ್ಮ ಬೂತಿನ ಲಿಸ್ಟು. ಕವರ್ ಎಲ್ಲ ಎಣಿಸಿಟ್ಟಿದೀವಿ. ನೀವು ಕೊಟ್ರೆ ಜನ ಬೇಡ ಅನ್ನಲ್ಲ. ರಾತ್ರಿ ಹತ್ತರೊಳಗೆ ಮುಗಿಸಿಬಿಡಿ, ಸಾಕು."

ಟಾರ್ಚ್ ಹಿಡಿದು ಓದಿದೆ. ಓದಿದ್ದು ನನ್ನದೇ ಬರಹ.

ನನ್ನ ಹತ್ತಿರ ಕೆಂಪು ರಟ್ಟಿನ ಒಂದು ಉದ್ದನೆಯ ಪುಸ್ತಕ ಇತ್ತು. ಈಗಲೂ ಇದೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ನಾನು ನಮ್ಮ ಬೂತಿನಲ್ಲಿ ಪಕ್ಷದ ಏಜೆಂಟ್ ಆಗಿ ಕುಳಿತವನು. ಪ್ರತಿ ಸಲ ಮತದಾರರ ಪಟ್ಟಿ ಬಂದಾಗ ಹೆಸರುಗಳನ್ನು ಆ ಪುಸ್ತಕಕ್ಕೆ ಇಳಿಸಿ, ಎದುರಿಗೆ ನನಗೆ ಗೊತ್ತಿದ್ದದ್ದನ್ನು ಬರೆದುಕೊಳ್ಳುತ್ತಿದ್ದೆ. "ಮಗಳು ಕೊಪ್ಪಕ್ಕೆ ಮದುವೆಯಾಗಿ ಹೋದಳು, ಹೆಸರು ತೆಗೆಸಬೇಕು." "ಬೆಂಗಳೂರು. ಜಾತ್ರೆಗೆ ಬರುತ್ತಾನೆ, ವೋಟಿಗೆ ಬರಲ್ಲ." "ಮಂಡಿ ನೋವು, ಜೀಪು ಬೇಕು." ಜೀಪಿನಲ್ಲಿ ವೋಟರನ್ನು ಕರೆತರುವುದೂ ಕಾನೂನಿನ ಪ್ರಕಾರ ತಪ್ಪೇ. ಅದನ್ನು ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಮನೆಗೆ ಹೋದಾಗ ಬಾಯಿಗೆ ತಪ್ಪು ಮಾತು ಬರಬಾರದು ಅಂತಲೂ ಕೆಲವು ಬರೆದಿಟ್ಟಿದ್ದೆ. "ಅತ್ತೆ ಸೊಸೆ ಮಾತಿಲ್ಲ, ಒಬ್ಬರ ಎದುರು ಇನ್ನೊಬ್ಬರ ಸುದ್ದಿ ಎತ್ತಬಾರದು." "ಗಂಡನ ಆಸ್ಪತ್ರೆ ಸಾಲ ಇದೆ, ಸಂಘದ ಕಂತಿನ ವಿಷಯ ಕೇಳಬೇಡ."

ಹದಿನೈದು ದಿನದ ಹಿಂದೆ ಇದೇ ಹುಡುಗ ಬಂದು ಆ ಪುಸ್ತಕ ಕೇಳಿದ್ದ. ಮೊಬೈಲಲ್ಲಿ ಫೋಟೋ ಹೊಡೆದುಕೊಂಡು ಅರ್ಧ ಗಂಟೆಯಲ್ಲಿ ವಾಪಸ್ ಕೊಟ್ಟಿದ್ದ. ನನಗೋ ಒಳಗೊಳಗೇ ಹೆಮ್ಮೆ, ನನ್ನ ಕೆಲಸವನ್ನು ಇಷ್ಟು ವರ್ಷದ ಮೇಲಾದರೂ ಯಾರೋ ಗಮನಿಸಿದರಲ್ಲ ಅಂತ.

ಈಗ ಅದು ಕಂಪ್ಯೂಟರಿನಲ್ಲಿ ಟೈಪಾಗಿ ಬಂದಿತ್ತು. ಹೆಸರು, ಮನೆ ನಂಬರು, ಷರಾ, ಕೊನೆಗೆ ಎರಡು ಕಂಬಸಾಲು. ಒಂದರಲ್ಲಿ ಎ, ಬಿ ಅಥವಾ ಸಿ. ಇನ್ನೊಂದರಲ್ಲಿ ರೂಪಾಯಿ. ಎ ಅಂದರೆ ನಮ್ಮವರು. ಸಿ ಅಂದರೆ ಎದುರು ಪಕ್ಷದವರು. ಬಿ ಅಂದರೆ ಅನುಮಾನ. ದುಡ್ಡು ಬಿಗೆ ಮಾತ್ರ. ಆಸ್ಪತ್ರೆ ಸಾಲದ ಆ ಹೆಂಗಸಿನ ಎದುರು 1000 ಅಂತ ಇತ್ತು, ಬೇರೆ ಬಿಗಳಿಗೆ 500. ಅತ್ತೆ ಸೊಸೆ ಮಾತಿಲ್ಲದ ಮನೆಗೆ "ಬೇರೆ ಬೇರೆ ಕವರ್" ಅಂತ ಷರಾ. ಯಾರಿಗೋ ನೋವಾಗದಿರಲಿ ಅಂತ ನಾನು ಬರೆದಿಟ್ಟ ಸಾಲು ಅಲ್ಲಿ ರೇಟಾಗಿ ಕೂತಿತ್ತು.

ನಮ್ಮ ಮನೆಯ ಹೆಸರುಗಳನ್ನೂ ನೋಡಿದೆ. ಅಮ್ಮ, ನಾನು, ನನ್ನ ಹೆಂಡತಿ. ಮೂವರೂ ಎ. ರೂಪಾಯಿ ಕಾಲಂನಲ್ಲಿ ಸೊನ್ನೆ.

"ಇದೇನೋ ಇದು?" ಅಂದೆ.

ಅವನಿಗೆ ನನ್ನ ಪ್ರಶ್ನೆ ಬೇರೆ ಥರ ಕೇಳಿಸಿತು. "ನಮ್ಮವರಿಗೆ ಯಾಕೆ ಭಟ್ರೇ ದುಡ್ಡು, ಅವರು ಹೆಂಗೂ ಹಾಕ್ತಾರೆ" ಅಂದ. ನಾನು ಸೊನ್ನೆಗೆ ಬೇಜಾರು ಮಾಡಿಕೊಂಡೆ ಅಂದುಕೊಂಡಿದ್ದ!

ಬ್ಯಾಗು ತೆಗೆದುಕೊಂಡು ಹೋಗು ಅಂದೆ. ಜಗಳವೇನೂ ಆಡಲಿಲ್ಲ. ಜೋರಾಗಿ ಮಾತಾಡುವುದು ನಮ್ಮ ಮನೆಯಲ್ಲಿ ರೂಢಿ ಇಲ್ಲ. ಇನ್ನೊಬ್ಬ ಹುಡುಗ, ಪೇಟೆಯವನು, "ಹಂಗಾದ್ರೆ ನಾವೇ ಕೊಡ್ತೀವಿ ಬಿಡಿ, ಲಿಸ್ಟ್ ಅಂತೂ ಚೆನ್ನಾಗಿದೆ" ಅಂತ ಕಾಗದ ಮಡಚಿಕೊಂಡ. ಬೈಕಿನ ಬೆಳಕು ತೋಟದ ಏರಿ ದಾಟಿ ಕೆಳಮನೆಯ ಕಡೆ ತಿರುಗಿತು.

ಸಿ-ವಿಜಿಲ್ ಅಂತ ಚುನಾವಣಾ ಆಯೋಗದ ಆ್ಯಪ್ ಇದೆ. ಫೋಟೋ ಕಳಿಸಿದರೆ 100 ನಿಮಿಷದಲ್ಲಿ ಕ್ರಮ ಅಂತಾರೆ. ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಆದರೆ ನಿಜ ಹೇಳಬೇಕೆಂದರೆ ನೆಟ್‌ವರ್ಕ್ ಇದ್ದಿದ್ದರೂ ನಾನು ಕಳಿಸುತ್ತಿರಲಿಲ್ಲ. ನಮ್ಮವರು ಅನ್ನೋದು ಅಷ್ಟು ಬೇಗ ಬಿಡುವುದಿಲ್ಲ.

ಅಮ್ಮ ಹಪ್ಪಳ ಮಗುಚುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. "ನಿನ್ನ ಅಜ್ಜ ರೂಪಾಯಿ ಕೊಟ್ಟಿದ್ದರು, ಗೊತ್ತಾ?" ಅಂದಳು.

ಗೊತ್ತಿತ್ತು. ನಮ್ಮನೆಯಲ್ಲಿ ನೂರು ಸಲ ಹೇಳಿದ ಕತೆ. ಅಮ್ಮ ಮದುವೆಯಾಗಿ ಬಂದು ಮೊದಲ ಸಲ ವೋಟು ಹಾಕಿದ್ದು 1962ರಲ್ಲಿ. ಆಗ ವೋಟಿಗೆ 21 ತುಂಬಬೇಕಿತ್ತು. ನಮ್ಮ ಕ್ಷೇತ್ರದಲ್ಲಿ ಶಾಂತವೇರಿ ಗೋಪಾಲಗೌಡರು ನಿಂತಿದ್ದರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತ ಮನುಷ್ಯ. ಅಜ್ಜನೋ ಗೇಣಿ ತೆಗೆದುಕೊಳ್ಳುವ ಒಡೆಯ. ಗೌಡರ ಕಡೆಯವರು ಒಂದು ವೋಟು, ಒಂದು ನೋಟು ಅಂತ ಕೇಳಿಕೊಂಡು ನಮ್ಮ ಅಂಗಳಕ್ಕೂ ಬಂದಿದ್ದರಂತೆ. ಅಜ್ಜನ ವೋಟು ಖಂಡಿತ ಅವರಿಗೆ ಬಿದ್ದಿರಲಾರದು. ರೂಪಾಯಿ ಮಾತ್ರ ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದ್ದರಂತೆ. ಮನೆ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ ಅಂತ.

ನಾನು ಅಜ್ಜನ ಕಡೆಯವನು. ಹಳೆಯದು ಇದ್ದಷ್ಟು ದಿನ ಇರಲಿ, ಬದಲಾಗುವುದಿದ್ದರೆ ನಿಧಾನಕ್ಕೆ ಬದಲಾಗಲಿ ಅನ್ನುವವನು. ದೇವಸ್ಥಾನಕ್ಕೆ ಹೋಗುತ್ತೇನೆ, ಸಾಲ ಮಾಡಲು ಹೆದರುತ್ತೇನೆ, ಕೊಟ್ಟ ಮಾತು ತಪ್ಪಿದರೆ ನಿದ್ದೆ ಬರುವುದಿಲ್ಲ. ಈ ಗುಣಕ್ಕೆ ಹೊಂದುವ ಪಕ್ಷ ಅಂತ ಹುಡುಕಿಕೊಂಡು ಹೋಗಿದ್ದು. ಶಿಸ್ತು, ಮರ್ಯಾದೆ, ಊರು, ಮನೆ ಅಂತೆಲ್ಲ ಅವರು ಮಾತಾಡುತ್ತಿದ್ದರು. ಹಾಗಂತ ಬೇರೆಯವರ ದೇವರಿಗೆ ಬೈದು ನನ್ನ ಭಕ್ತಿ ತೋರಿಸಬೇಕು ಅಂತ ನನಗೆ ಯಾವತ್ತೂ ಅನಿಸಿದ್ದಿಲ್ಲ. ಪಕ್ಷದ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಬರುತ್ತಿದ್ದದ್ದು ಮಾತ್ರ ಅದೇ. ಗುಂಪನ್ನು ಮ್ಯೂಟ್ ಮಾಡಿಟ್ಟೆ. ಬಿಟ್ಟು ಹೋಗಲಿಲ್ಲ. 2019ರಲ್ಲಿ 17 ಶಾಸಕರ ಅನರ್ಹತೆಯ ಗಲಾಟೆ ಆಯಿತಲ್ಲ, ಆಗಲೂ ಹಾಗೇ ಮಾಡಿದೆ. ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನವಾಯಿತು. ಒಂದು ಚಿಹ್ನೆಯಲ್ಲಿ ಗೆದ್ದಿದ್ದವರು ಇನ್ನೊಂದು ಚಿಹ್ನೆಯಲ್ಲಿ ನಿಂತರು, ಹೆಚ್ಚಿನವರು ಗೆದ್ದೂ ಬಿಟ್ಟರು. ಆಚೆ ಪಕ್ಷದವರು, ಈಚೆ ಪಕ್ಷದವರು ಎಲ್ಲರೂ ಟೀವಿಯಲ್ಲಿ ಕೂತು ತತ್ವದ ಮಾತಾಡಿದರು. ನಾನು ಟೀವಿ ಆರಿಸಿ ತೋಟಕ್ಕೆ ಹೋದೆ. ಅದೆಲ್ಲ ದೂರದ್ದು, ಬೆಂಗಳೂರಿನದು, ನನ್ನ ಬೂತು ನೆಟ್ಟಗಿದೆ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಮರುದಿನ ಬೆಳಗ್ಗೆ ಐದಕ್ಕೇ ಶಾಲೆಗೆ ಹೋದೆ. ಏಜೆಂಟ್ ಫಾರಂಗೆ ಸಹಿ ಹಾಕಿ ಆಗಿತ್ತು. ಒಪ್ಪಿಕೊಂಡ ಕೆಲಸ. ನಮ್ಮ ಬೂತು ಇರುವುದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ನಾನು ಕಲಿತದ್ದೂ ಅಲ್ಲೇ. ಗೋಡೆಯ ಮೇಲೆ ಮಗ್ಗಿ, ಮೂಲೆಯಲ್ಲಿ ಮಕ್ಕಳು ಮಾಡಿದ ಮಣ್ಣಿನ ಗಣಪತಿ. ಅಣಕು ಮತದಾನ ಮಾಡಿ, ಎಣಿಸಿ, ಅಳಿಸಿ, ಮಷಿನ್ನಿಗೆ ಸೀಲು ಹಾಕಿದರು. ನಾವು ಏಜೆಂಟರು ಸೀಲಿನ ಮೇಲೆ ಸಹಿ ಮಾಡಿದೆವು. ಏಳಕ್ಕೆ ಮತದಾನ ಶುರುವಾಯಿತು.

ನನ್ನ ಪಕ್ಕದ ಬೆಂಚಿನಲ್ಲಿ ನಾಯ್ಕರು. ಎದುರು ಪಕ್ಷದ ಏಜೆಂಟ್, ನನ್ನಷ್ಟೇ ಹಳಬರು. ನಮ್ಮ ಅಜ್ಜನ ಗೇಣಿದಾರರ ಮೊಮ್ಮಗ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಅವರ ಅಪ್ಪ ಡಿಕ್ಲರೇಷನ್ ಹಾಕಿ ನಮ್ಮ ಗದ್ದೆ ಅವರದಾಯಿತು. ಹತ್ತು ವರ್ಷ ಎರಡು ಮನೆಗೂ ಮಾತಿರಲಿಲ್ಲ. ಆಮೇಲೆ ನೀರಿನ ಕಾಲುವೆ ಒಂದೇ ಆದ್ದರಿಂದ ಮಾತು ತಾನಾಗಿ ಬಂತು. ಬೂತಿನಲ್ಲಿ ನಾವಿಬ್ಬರೂ ಒಂದೇ ಸ್ಕೇಲ್ ಹಂಚಿಕೊಂಡು ಪಟ್ಟಿಯಲ್ಲಿ ಗೆರೆ ಎಳೆಯುತ್ತಿದ್ದೆವು. ಮತದಾರ ಇವನಲ್ಲ ಅಂತ ಏಜೆಂಟ್ ತಕರಾರು ಎತ್ತಬೇಕಾದರೆ ಎರಡು ರೂಪಾಯಿ ಕಟ್ಟಬೇಕು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಸೇರಿ ಒಂದು ಸಲವೂ ಆ ಎರಡು ರೂಪಾಯಿ ಕಟ್ಟಿಲ್ಲ. ಬಂದವರೆಲ್ಲ ಇಂಥವರ ಮಗ, ಇಂಥವರ ಸೊಸೆ ಅಂತ ಇಬ್ಬರಿಗೂ ಗೊತ್ತಿರುತ್ತಿತ್ತು.

ಆ ದಿನ ಮಾತ್ರ ನನಗೆ ಬಂದವರ ಮುಖ ನೋಡಲು ಆಗಲಿಲ್ಲ. ಪ್ರತಿ ಹೆಸರು ಕರೆದಾಗಲೂ ತಲೆಯಲ್ಲಿ ಒಂದು ಅಕ್ಷರ, ಒಂದು ಅಂಕಿ. ಹತ್ತೂವರೆ ಸುಮಾರಿಗೆ ಆಸ್ಪತ್ರೆ ಸಾಲದ ಆಕೆ ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡು, ನನ್ನ ಕಡೆ ನೋಡಿ ಕೈ ಮುಗಿದರು. ಪ್ರತಿ ಸಲವೂ ಮುಗಿಯುತ್ತಿದ್ದರೋ ಏನೋ, ನಾನು ಗಮನಿಸಿರಲಿಲ್ಲ. ಈ ಸಲ ಅದು ನಮಸ್ಕಾರವೋ, ಸಿಕ್ಕಿತು ಅಂತ ಹೇಳಿದ್ದೋ ತಿಳಿಯಲಿಲ್ಲ. ಕವರ್ ಕೊಟ್ಟದ್ದು ನಾನೇ ಅಂತ ಹುಡುಗರು ಹೇಳಿರಬಹುದಲ್ವಾ? ಆಕೆಯನ್ನು ಕೇಳಲು ಇವತ್ತಿನವರೆಗೂ ಧೈರ್ಯ ಬಂದಿಲ್ಲ.

ಸಂಜೆ ಆರಕ್ಕೆ ಮುಗಿಯಿತು. ಎಷ್ಟು ಮತ ಬಿತ್ತು ಅನ್ನುವ 17ಸಿ ಫಾರಂ ಕೈಗೆ ಬಂತು. ನಾಯ್ಕರು ಸ್ಕೂಟರ್ ಹತ್ತಿಸಿಕೊಂಡರು. ಏರಿನಲ್ಲಿ ಗೇರ್ ಬದಲಿಸುತ್ತಾ, ತಿರುಗಿ ನೋಡದೆ ಹೇಳಿದರು.

"ಭಟ್ರೇ, ನಿಮ್ಮ ಕಡೆಯವರು ಐನೂರು ಕೊಟ್ರಂತೆ?"

ನಾನು ಸುಮ್ಮನಿದ್ದೆ.

"ನಮ್ಮವ್ರೂ ಕೊಟ್ಟಿದಾರೆ ಮಾರಾಯ್ರೇ. ನನ್ನನ್ನ ಕೇಳೇ ಇಲ್ಲ. ನಮ್ಮನೇಗೆ ಸೊನ್ನೆ."

ಇಬ್ಬರಿಗೂ ನಗು ಬಂತು. ಸ್ಕೂಟರ್ ಅಲ್ಲಾಡುವಷ್ಟು ನಕ್ಕೆವು. ನಮ್ಮನೆ ಉಣುಗೋಲಿನ ಹತ್ತಿರ ಇಳಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು. ಅಡಿಕೆಯ ಎಲೆಚುಕ್ಕಿ ರೋಗ, ಔಷಧಿ ಹೊಡೆಯುವ ಆಳಿನ ಕೂಲಿ, ಇಂಥದ್ದೇ ಮಾತು. ಹದಿನೈದು ದಿನದ ಪ್ರಚಾರದಲ್ಲಿ ಎರಡು ಕಡೆಯ ಒಬ್ಬ ಭಾಷಣಗಾರನೂ ಆ ರೋಗದ ಹೆಸರು ಎತ್ತಿರಲಿಲ್ಲ ಅಂತ ಆಗ ನೆನಪಾಯಿತು. ಅಡಿಕೆ ಹೋದರೆ ನಮ್ಮಲ್ಲಿ ಎ, ಬಿ, ಸಿ ಎಲ್ಲ ಒಟ್ಟಿಗೇ ಹೋಗುತ್ತಾರೆ.

ಪಕ್ಷಕ್ಕೆ ರಾಜೀನಾಮೆ ಅಂತೇನೂ ಕೊಡಲಿಲ್ಲ. ಬೂತಿನ ಏಜೆಂಟ್ ರಾಜೀನಾಮೆ ಕೊಟ್ಟರೆ ತೆಗೆದುಕೊಳ್ಳುವವರು ಯಾರು? ಫೋನ್ ಬಂದಾಗ ಸೊಂಟ ನೋವು ಅಂದೆ, ಅಷ್ಟೇ. ಎದುರು ಪಕ್ಷಕ್ಕೂ ಹೋಗಲಿಲ್ಲ. ಹೋಗುವ ಮನಸ್ಸೂ ಇಲ್ಲ. ನನ್ನ ನಂಬಿಕೆ ಬದಲಾಗಿಲ್ಲ, ಅದನ್ನು ಹಿಡಿದುಕೊಂಡು ಹೋಗಿ ಕೂರಲು ಜಾಗ ಇಲ್ಲವಾಯಿತು.

2024ರ ಮೇ 7, ಲೋಕಸಭೆ ಚುನಾವಣೆ. ಹಿಂದಿನ ವರ್ಷ ಅಮ್ಮ ಮನೆಯಲ್ಲೇ ವೋಟು ಹಾಕಿದ್ದಳು, 80 ದಾಟಿದವರಿಗೆ ಆ ಸೌಲಭ್ಯ ಇತ್ತು. ಅಧಿಕಾರಿಗಳು ರಟ್ಟಿನ ಮರೆ ತಂದು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದರು, ಒಬ್ಬ ವಿಡಿಯೋ ತೆಗೆಯುತ್ತಿದ್ದ. ಅವರು ಕಾಫಿ ಕುಡಿಯಲಿಲ್ಲ ಅಂತ ಅಮ್ಮನಿಗೆ ಎರಡು ದಿನ ಬೇಜಾರು. ಯಾರಿಗೆ ಹಾಕಿದೆ ಅಂತ ಕೇಳಿದ್ದಕ್ಕೆ, "ಕೇಳಬಾರದು ಅಂತ ನೀನೇ ಊರಿಗೆಲ್ಲ ಹೇಳ್ತೀಯಲ್ಲ" ಅಂದಿದ್ದಳು. ಈ ಸಲ ವಯಸ್ಸನ್ನು 85ಕ್ಕೆ ಏರಿಸಿದ್ದರು. ಅಮ್ಮನಿಗೆ 84. ಕೈ ಹಿಡಿದುಕೊಂಡು ಶಾಲೆಗೆ ಕರೆದುಕೊಂಡು ಹೋದೆ. ಎಷ್ಟೋ ವರ್ಷದ ಮೇಲೆ ನಾನು ಬರೀ ಮತದಾರನಾಗಿ ಆ ಬಾಗಿಲು ದಾಟಿದ್ದು.

ನಾಯ್ಕರೂ ಕೂತಿರಲಿಲ್ಲ. ಎರಡು ಬೆಂಚಿನಲ್ಲೂ ಗುರುತಿಲ್ಲದ ಹುಡುಗರು. ನನ್ನ ಹೆಸರು ಕರೆದಾಗ ನಮ್ಮ ಪಕ್ಷದ ಹುಡುಗ ತಲೆ ಎತ್ತಿ, "ಯಾರು, ಇವರೇನಾ?" ಅಂತ ಗುರುತಿನ ಚೀಟಿ ಕಡೆ ಬಗ್ಗಿದ. ಬೆರಳಿನಲ್ಲಿ ಪಟ್ಟಿ ಹುಡುಕಿದ. ಅದು ನನ್ನ ಪುಸ್ತಕದಿಂದ ಬಂದ ಪಟ್ಟಿಯ ಹೊಸ ಪ್ರತಿ ಅಂತ ದೂರದಿಂದಲೇ ಗೊತ್ತಾಯಿತು. ನನ್ನ ಹೆಸರಿನ ಎದುರು ಇದ್ದ ಎ ಹೊಡೆದು ಹಾಕಿ ಪೆನ್ಸಿಲ್‌ನಲ್ಲಿ ಬಿ ಅಂತ ಬರೆದಿತ್ತು.

ವಾಪಸ್ ಬರುವಾಗ ಹಲಸಿನ ಮರದ ನೆರಳಲ್ಲಿ ಅಮ್ಮನನ್ನು ಕೂರಿಸಿ ವಿಷಯ ಹೇಳಿದೆ. ಅಮ್ಮ ಶಾಯಿ ಒಣಗಿತಾ ಅಂತ ಬೆರಳು ನೋಡಿಕೊಳ್ಳುತ್ತಿದ್ದಳು.

"ಬಿ ಅಂದ್ರೆ ನಿನಗೆ ಐನೂರು ಬರಬೇಕಿತ್ತಲ್ಲೋ?" ಅಂದಳು. "ಕೇಳಲಿಲ್ವಾ?"