ಐದನೇ ಶನಿವಾರ

18 ನವೆಂಬರ್ 2025, ಮಂಗಳವಾರ
ಶಿವಮೊಗ್ಗ, ರಾತ್ರಿ ಹತ್ತೂವರೆ

ಬಾಣಲೆ ತೊಳೆಯದೆ ಹಾಗೇ ಬಿಟ್ಟು ಬಂದು ಕೂತಿದ್ದೇನೆ. ಯಾವತ್ತೂ ಹೀಗೆ ಬಿಟ್ಟವಳಲ್ಲ. ಇವತ್ತು ಕೈ ಓಡುತ್ತಿಲ್ಲ.

ಬೆಳಿಗ್ಗೆ ಬೆಂಗಳೂರಿನಿಂದ ಫೋನ್ ಬಂತು. ಮೂರು ಕಡೆ ಅಂಗಡಿ ಇರುವವರು, ಹೋದ ತಿಂಗಳು ಮಾದರಿಗೆ ಅಂತ ಎರಡು ಕೆಜಿ ಕಳಿಸಿದ್ದೆನಲ್ಲ, ಅವರೇ. ನಾನು ಮರೆತೇಬಿಟ್ಟಿದ್ದೆ. "ಮೇಡಂ, ನಿಮ್ಮ ಬೆಣ್ಣೆ ಚಕ್ಕುಲಿ ನಮಗೆ ತುಂಬಾ ಹಿಡಿಸಿತು. ವಾರಕ್ಕೆ 60 ಕೆಜಿ ಕೊಡ್ತೀರಾ? ಕೆಜಿಗೆ 300" ಅಂದರು. ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಈಗ ನಾವು ವಾರಪೂರ್ತಿ ಒತ್ತುವುದೇ 50 ಕೆಜಿ. ಒಂದೇ ಫೋನಿನಲ್ಲಿ ವ್ಯಾಪಾರ ಎರಡರಷ್ಟಕ್ಕಿಂತ ಜಾಸ್ತಿ!

ಕೊನೆಯಲ್ಲಿ ಮೆಲ್ಲಗೆ ಸೇರಿಸಿದರು. ದುಡ್ಡು 60 ದಿನಕ್ಕೆ. ಮಾರಾಟ ಆಗದ ಮಾಲು ವಾಪಸ್. ನಾಳೆ ಹತ್ತು ಗಂಟೆಗೆ ಅವರೇ ಮತ್ತೆ ಫೋನ್ ಮಾಡುತ್ತಾರಂತೆ.

ಫೋನ್ ಇಟ್ಟು ಅಡುಗೆಮನೆಗೆ ಹೋದರೆ ಕೆಲಸಕ್ಕೆ ಬರುವ ಇಬ್ಬರಿಗೂ ಆಗಲೇ ಗೊತ್ತಾಗಿದೆ. ನಾನು ಅಷ್ಟು ಜೋರಾಗಿ ಮಾತಾಡಿದೆನೋ ಏನೋ. ಹಿಟ್ಟು ನಾದುತ್ತಿದ್ದವಳು ತಲೆ ಎತ್ತಿ, "ಅಕ್ಕ, ದೊಡ್ಡ ಆರ್ಡರ್ ಬಂತಂತೆ? ನಮ್ಮ ತಂಗೀನೂ ಕರ್ಕೊಂಡು ಬರ್ಲಾ? ಮನೇಲಿ ಸುಮ್ನೆ ಇದಾಳೆ" ಅಂದಳು. ಅವಳ ಕೈ ಹಿಟ್ಟಿನಲ್ಲೇ ಇತ್ತು, ಮುಖ ಮಾತ್ರ ಅರಳಿತ್ತು. "ನೋಡೋಣ ಇರು" ಅಂದೆ. ಬೇರೇನು ಹೇಳಲಿ?

ಮಧ್ಯಾಹ್ನ ಊಟ ಸೇರಲಿಲ್ಲ. ನೋಟ್‌ಬುಕ್ ತೆಗೆದು ಕೂತೆ.

ಒಂದು ಕೆಜಿ ಚಕ್ಕುಲಿಗೆ ನನ್ನ ಕೈಯಿಂದ ಹೋಗುವುದು 230 ರೂಪಾಯಿ. ಅಕ್ಕಿ, ಉದ್ದು, ಬೆಣ್ಣೆ, ಎಣ್ಣೆ, ಗ್ಯಾಸ್, ಕೂಲಿ, ಕವರ್, ಬಸ್ಸಿಗೆ ಹಾಕುವ ಲಗೇಜು, ಎಲ್ಲಾ ಸೇರಿ. ಈ ಲೆಕ್ಕ ಮೊದಲು ನನಗೆ ಬರುತ್ತಿರಲಿಲ್ಲ. ಹಿಟ್ಟು ಎಣ್ಣೆ ಮಾತ್ರ ಬರೆದು ಉಳಿದದ್ದೆಲ್ಲ ಲಾಭ ಅಂದುಕೊಂಡಿದ್ದೆ. ಕಲಿಸಿದ್ದು ಎಣ್ಣೆ. ಹೋದ ವರ್ಷ ಗಣೇಶನ ಹಬ್ಬ ಆಗಿ ಒಂದು ವಾರಕ್ಕೆ ಕೇಂದ್ರ ಸರ್ಕಾರ ಹೊರಗಿನಿಂದ ಬರುವ ಅಡುಗೆ ಎಣ್ಣೆಯ ಸುಂಕ ಏರಿಸಿತು. ಕಚ್ಚಾ ಎಣ್ಣೆಗೆ ಎಲ್ಲಾ ಸೇರಿ ನೂರಕ್ಕೆ 5.5 ಇದ್ದದ್ದು 27.5 ಆಯಿತು. ದೀಪಾವಳಿ ಆರ್ಡರುಗಳಿಗೆ ನಾನು ಹಳೇ ರೇಟೇ ಒಪ್ಪಿಕೊಂಡಿದ್ದೆ. ಆ ತಿಂಗಳು ರಾತ್ರಿಯೆಲ್ಲ ಕರಿದೂ ಕೈಗೆ ಏನೂ ಹತ್ತಲಿಲ್ಲ. ಅವತ್ತಿನಿಂದ ಪ್ರತಿ ಟಿನ್ನಿನ ರೇಟು ಬರೆಯುತ್ತೇನೆ, ಒಂದು ಟಿನ್ನಿಗೆ ಎಷ್ಟು ಕೆಜಿ ಇಳಿಯಿತು ಅಂತಲೂ ಬರೆಯುತ್ತೇನೆ. ಊಟಕ್ಕೆ ಮೊದಲು ಬರೆಯಬೇಕು. ಊಟ ಆದ ಮೇಲೆ ಅಂದರೆ ನಿದ್ದೆ ಬರುತ್ತೆ, ಆಮೇಲೆ ನಾಳೆ, ನಾಡಿದ್ದು.

ಇರಲಿ. 60 ಕೆಜಿಗೆ ವಾರಕ್ಕೆ 13,800 ನಾನು ಹಾಕಬೇಕು. ವಾರಕ್ಕೆ 4,200 ಲಾಭ. ಕಾಗದದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ ಅಲ್ವಾ? ಅಂಗಡಿ ಖಾತೆಯಲ್ಲಿ ಈಗ ಇರುವುದು 64,000. ಮುಂದಿನ ಸೋಮವಾರ ಶುರು ಮಾಡಿದರೆ ನಾಲ್ಕು ವಾರಕ್ಕೆ 55,200 ಹೋಗುತ್ತೆ. ಐದನೇ ವಾರಕ್ಕೆ 69,000 ಬೇಕು. ಇಲ್ಲ. ಆ ವಾರದ ಶನಿವಾರ ಯಾವತ್ತು ಅಂತ ಕ್ಯಾಲೆಂಡರ್ ನೋಡಿದೆ. ಡಿಸೆಂಬರ್ 27. ನಟ್ಟನಡು ಧನುರ್ಮಾಸ. ಮದುವೆ ಮುಂಜಿ ಇಲ್ಲ, ಊರಿನ ಆರ್ಡರೂ ಇರುವುದಿಲ್ಲ. ಮೊದಲ ವಾರದ ಚಕ್ಕುಲಿ ದುಡ್ಡು ಬೆಂಗಳೂರಿನಿಂದ ಬರುವುದು ಜನವರಿ 23ಕ್ಕೆ, ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಅದೂ ಅವರು ಹೇಳಿದ ದಿನವೇ ಹಾಕಿದರೆ.

ಶನಿವಾರ ಸಂಜೆ ಇಬ್ಬರೂ ಕೈಕಾಲು ತೊಳೆದುಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. ದುಡ್ಡು ಕೊಡಿ ಅಂತ ಬಾಯಿಬಿಟ್ಟು ಒಂದು ದಿನ ಕೇಳಿದವರಲ್ಲ. ಸೆರಗು ಸರಿಮಾಡಿಕೊಳ್ಳುತ್ತಾ, ನನ್ನ ಮಗಳು ಪುಟ್ಟಿಯ ಹತ್ತಿರ ಏನೋ ಮಾತಾಡುತ್ತಾ ನಿಂತಿರುತ್ತಾರೆ, ಅಷ್ಟೇ. ನಾಲ್ಕು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಸಿಲ್ಲ. ಡಿಸೆಂಬರ್ 27ಕ್ಕೆ ಅವರು ಹಾಗೆ ನಿಂತಿದ್ದರೆ, ಅದೂ ಆಗ ಇಬ್ಬರಲ್ಲ, ಮೂವರು...

ಸಂಜೆ ಅಕ್ಕಿ ತರುವ ನೆಪ ಮಾಡಿಕೊಂಡು ಗಾಂಧಿಬಜಾರಿಗೆ ಹೋದೆ. ನಿಜ ಹೇಳಬೇಕೆಂದರೆ ಅಕ್ಕಿ ಇನ್ನೂ ಇತ್ತು. ಶೆಟ್ಟರ ಹತ್ತಿರ ಮಾತಾಡಬೇಕಿತ್ತು. ಅಪ್ಪ ಇದ್ದಾಗಿನಿಂದ ನಮಗೆ ಅದೇ ಅಂಗಡಿ.

ಶೆಟ್ಟರು ಪೂರ್ತಿ ಕೇಳಿಸಿಕೊಂಡರು. ನಡುವೆ ಇಬ್ಬರು ಗಿರಾಕಿ ಬಂದರು, ತೂಗಿ ಕೊಟ್ಟರು, ಮತ್ತೆ ನನ್ನ ಕಡೆ ತಿರುಗಿ "ಹೂಂ, ಹೇಳು" ಅಂದರು. ಎಲ್ಲಾ ಮುಗಿದ ಮೇಲೆ ಕೇಳಿದ್ದು ಒಂದೇ.

"ಅವರ ದುಡ್ಡು ಬರೋ ತನಕ ನಿನ್ನ ಅಂಗಡಿ ಯಾರ ದುಡ್ಡಲ್ಲಿ ನಡೆಯುತ್ತೆ?"

"ನಮ್ಮನೆಯವರು ಮುದ್ರಾ ಸಾಲ ತಗೊಳ್ಳೋಣ ಅಂತಾರೆ. ಬ್ಯಾಂಕಲ್ಲಿ 50,000 ತನಕ ಕಷ್ಟ ಇಲ್ಲವಂತೆ."

"ಅಂದ್ರೆ ಬೆಂಗಳೂರಿನವರಿಗೆ ಸಾಲ ಕೊಡೋಕೆ ನೀನು ಬ್ಯಾಂಕಲ್ಲಿ ಸಾಲ ತಗೋತೀಯ. ಬಡ್ಡಿ ನೀನು ಕಟ್ಟೋದು. ಅವರು ನಿನಗೆ ಬಡ್ಡಿ ಕೊಡ್ತಾರಾ?"

ನನಗೆ ಸ್ವಲ್ಪ ಸಿಟ್ಟೇ ಬಂತು. "ನಾನೂ ನಿಮ್ಮ ಹತ್ತಿರ ಉದ್ರಿ ತರ್ತೀನಲ್ಲ ಶೆಟ್ಟರೇ?"

"ತರ್ತೀಯ. ಹದಿನೈದು ದಿನಕ್ಕೆ ಸರಿಯಾಗಿ ತಂದು ಕೊಡ್ತೀಯ. ಕೊಡದಿದ್ರೆ ಹದಿನಾರನೇ ದಿನ ನಾನು ಅಕ್ಕಿ ಕೊಡಲ್ಲ, ನಿನ್ನ ಮುಖಾನೇ ನೋಡಿ ಹೇಳ್ತೀನಿ. ನೀನು ಬೆಂಗಳೂರಿಗೆ ಹೋಗಿ ಹಾಗೆ ಹೇಳ್ತೀಯಾ? ಮೂರು ವಾರದ ಮಾಲು ಅವರ ಹತ್ತಿರ ಕೂತ ಮೇಲೆ ನಾಲ್ಕನೇ ವಾರ ಕಳಿಸಲ್ಲ ಅನ್ನೋಕೆ ನಿನಗೆ ಧೈರ್ಯ ಬರುತ್ತಾ?"

ಬರುವುದಿಲ್ಲ. ಹಿಂದೆ ಒಂದು ಹಾಸ್ಟೆಲಿಗೆ ಉದ್ರಿಯಲ್ಲಿ ಮಾಲು ಕಳಿಸಿದ್ದೆ. ಎರಡು ವರ್ಷ ಆಯಿತು, ಇನ್ನೂ 18,400 ಬರಬೇಕು. ಮೊದಲ ಬಿಲ್ಲು ತಡವಾದಾಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಹಳೇದೂ ಬರುವುದಿಲ್ಲವೇನೋ ಅಂತ ಹೆದರಿ ಮತ್ತೆ ಮತ್ತೆ ಕಳಿಸಿದೆ.

ತಮ್ಮ ಫೋನಿನಲ್ಲಿ ಹೇಳಿದ್ದನ್ನೂ ಶೆಟ್ಟರಿಗೆ ಹೇಳಿದೆ. ಅವನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವುದರಿಂದ ಇದೆಲ್ಲ ಗೊತ್ತು. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣ ತಯಾರಕರಿಗೆ ದುಡ್ಡು ಕೊಡಲು ಹೆಚ್ಚೆಂದರೆ 45 ದಿನ. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರರಷ್ಟು ಬಡ್ಡಿ. ಅದೂ ಅಲ್ಲದೆ, ಆ ಗಡುವಿನೊಳಗೆ ಕೊಡದಿದ್ದರೆ, ಕೊಡುವವರೆಗೂ ಅವರು ಅದನ್ನು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ಇದಕ್ಕೆ ನನ್ನ ಹತ್ತಿರ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸಿದ ದಾಖಲೆ, ಇರಬೇಕು, ಇದೆ. ಪುಟ್ಟಿಯೇ ಮೊಬೈಲಿನಲ್ಲಿ ಮಾಡಿಕೊಟ್ಟಿದ್ದು, ಒಂದು ಪೈಸೆ ಖರ್ಚಾಗಲಿಲ್ಲ. ನೀವು ಯಾರಾದರೂ ಮನೆಯಲ್ಲಿ ಹಪ್ಪಳವೋ ಮಸಾಲೆ ಪುಡಿಯೋ ಮಾಡಿ ಮಾರುತ್ತಿದ್ದರೆ ದಯವಿಟ್ಟು ಇವತ್ತೇ ಮಾಡಿಸಿಕೊಳ್ಳಿ.

ಶೆಟ್ಟರು ತಲೆ ಆಡಿಸಿದರು. "ಒಳ್ಳೇದೇ. ಆದ್ರೆ ಕಾಯ್ದೆ ತೋರಿಸಿ ದುಡ್ಡು ಇಸ್ಕೊಂಡ ಮೇಲೆ ಮುಂದಿನ ವಾರ ಆರ್ಡರ್ ಬರುತ್ತಾ? ಆ ಮಾತು ಮೊದಲೇ ಆಡು. ಮಾಲು ಹೋಗೋಕೆ ಮುಂಚೆ."

ಇದು ನನಗೆ ಹೊಳೆದೇ ಇರಲಿಲ್ಲ. ಜಗಳ ಆದಾಗ ಹೊರಗೆ ತೆಗೆಯುವ ಆಯುಧ ಅಂದುಕೊಂಡಿದ್ದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರು ಹಾಕಿ, "ನಮ್ಮಂಥವರಿಗೆ 45 ದಿನ ದಾಟುವ ಹಾಗಿಲ್ಲವಂತಲ್ಲ ಸರ್, ನಿಮ್ಮ ಆಡಿಟರೂ ಹೇಳಿರುತ್ತಾರೆ" ಅಂತ ಶುರುವಿನಲ್ಲೇ ಮೆತ್ತಗೆ ಹೇಳಬಹುದಲ್ಲ?

ವಾಪಸ್ ಬರುವ ಮಾಲಿನ ಬಗ್ಗೆ ಮಾತ್ರ ನಾನು ಬಗ್ಗುವುದಿಲ್ಲ. ಚಕ್ಕುಲಿ ಬಾಣಲೆಯಿಂದ ತೆಗೆದ ಮೇಲೆ ಪೂರ್ತಿ ಆರಬೇಕು. ಕೈಗೆ ಒಂಚೂರು ಬಿಸಿ ತಾಗಿದರೂ ಕವರಿಗೆ ಹಾಕಬಾರದು, ಒಳಗೆ ಬೆವರಿ ಮೆತ್ತಗಾಗುತ್ತೆ. ನಾವು ಅಷ್ಟು ಕಾದು, ಒಂದೊಂದೇ ಜೋಡಿಸಿ ಹಾಕುತ್ತೇವೆ. ಅಲ್ಲಿ ಬಿಸಿಲು ಬೀಳುವ ಕಡೆ ಒಂದು ತಿಂಗಳು ಇಟ್ಟು, ಪುಡಿ ಮಾಡಿ ವಾಪಸ್ ಕಳಿಸಿದರೆ ನಾನೇನು ಮಾಡಲಿ? ನಮ್ಮಲ್ಲಿ ಮುರಿದದ್ದನ್ನು ಅವತ್ತೇ ಪ್ಯಾಕೆಟ್ ಮಾಡಿ ಅರ್ಧ ರೇಟಿಗೆ ಇಡುತ್ತೇನೆ. ಶಾಲೆ ಮಕ್ಕಳು ಸಂಜೆಯೊಳಗೆ ಖಾಲಿ ಮಾಡುತ್ತಾರೆ. ಹಳಸಿದ ವಾಸನೆ ಬಂದದ್ದನ್ನು ಆ ಮಕ್ಕಳಿಗೆ ಕೊಡಲಾ?

ಮನೆಗೆ ಬಂದ ಮೇಲೆ ಇವರ ಹತ್ತಿರ ಸ್ವಲ್ಪ ಮಾತಾಯಿತು. "ಬಂದ ಲಕ್ಷ್ಮೀನ ಒದೀತಿದ್ದೀಯ" ಅಂದರು. ಮಷಿನ್ ತಗೊಳ್ಳೋಣ, ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ್ದು 35, ರಾಜ್ಯದ್ದು 15, ಒಟ್ಟು ನೂರಕ್ಕೆ 50 ಸಬ್ಸಿಡಿ ಇದೆ ಅಂದರು. ಇದೆ, ನಿಜ. ಒಂದು ದಿನ ತಗೊಳ್ಳುತ್ತೇನೆ ಕೂಡ. ಆದರೆ ಮಷಿನ್ ಬಂದ ಮಾತ್ರಕ್ಕೆ ಶನಿವಾರದ ಕೂಲಿ ಹುಟ್ಟುವುದಿಲ್ಲವಲ್ಲ. ಅವರಿಗೆ ಬೇಜಾರಾಗಿದೆ. ನನ್ನ ಒಳ್ಳೆಯದಕ್ಕೇ ಹೇಳುತ್ತಾರೆ, ಗೊತ್ತು. ಮದುವೆ ಉಂಗುರ ಅಡವಿಟ್ಟು ಮೊದಲ ಬಾಣಲೆ ತಂದುಕೊಟ್ಟವರು ಅವರೇ.

ಪುಟ್ಟಿ ಫೀಸ್ ಕಟ್ಟಲು 30 ಕೊನೇ ದಿನ. ಅದನ್ನು ಅಂಗಡಿ ಖಾತೆಯಿಂದ ತೆಗೆಯುವುದಿಲ್ಲ. ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆಲ್ಲ ಜಿಎಸ್‌ಟಿ ನೋಟಿಸ್ ಬಂದಾಗ ನನ್ನ ಎದೆ ಎಷ್ಟು ಹೊಡೆದುಕೊಂಡಿತ್ತು! ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷಕ್ಕೆ 40 ಲಕ್ಷದ ವ್ಯಾಪಾರ ದಾಟಿದರೆ, ನಾನು ಅದರ ಹತ್ತಿರವೂ ಇಲ್ಲ. ಆದರೂ ಆಗ ಒಂದೇ ನಂಬರಿಗೆ ಚೀಟಿ ದುಡ್ಡು, ನಾದಿನಿ ಕಳಿಸಿದ ಆಸ್ಪತ್ರೆ ಖರ್ಚು, ಚಕ್ಕುಲಿ ದುಡ್ಡು ಎಲ್ಲಾ ಬರುತ್ತಿತ್ತು. ಯಾರಾದರೂ ಕೇಳಿದ್ದರೆ ಯಾವುದು ಏನು ಅಂತ ನನಗೇ ಹೇಳಲು ಬರುತ್ತಿರಲಿಲ್ಲ. ಆ ವಾರವೇ ಬೇರೆ ಖಾತೆ ಮಾಡಿಸಿದೆ. ತಿಂಗಳಿಗೆ ಇಷ್ಟು ಅಂತ ನನಗೆ ನಾನೇ ಸಂಬಳ ಹಾಕಿಕೊಳ್ಳುತ್ತೇನೆ. ಫೀಸು ಅದರಿಂದಲೇ ಹೋಗಬೇಕು. 64,000 ಅಂತ ಇವತ್ತು ಕಣ್ಣು ಮುಚ್ಚಿ ಹೇಳಲು ಬಂದದ್ದೇ ಅದರಿಂದ.

ಇನ್ನೊಂದು ಈಗ ನೆನಪಾಯಿತು. ಈಗ ವರ್ಷಕ್ಕೆ 9 ಲಕ್ಷದ ಹತ್ತಿರ ವ್ಯಾಪಾರ. ಪೂರ್ತಿ 60 ಕೆಜಿ ಒಪ್ಪಿದರೆ 18 ಲಕ್ಷ ಮುಟ್ಟುತ್ತೆ. ಈಗ, 2025ರ ನಿಯಮದಲ್ಲಿ, 12 ಲಕ್ಷ ದಾಟಿದರೆ ಆಹಾರ ಸುರಕ್ಷತಾ ಇಲಾಖೆಯ 100 ರೂಪಾಯಿಯ ನೋಂದಣಿ ಸಾಲುವುದಿಲ್ಲ, ಲೈಸೆನ್ಸೇ ಬೇಕು. ತಮ್ಮನ ಹತ್ತಿರ ಕೇಳಬೇಕು.

ನಾಳೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಬಾಯಿ ತೊದಲಬಾರದಲ್ಲ. ವಾರಕ್ಕೆ 15 ಕೆಜಿಯಿಂದ ಶುರು. ದುಡ್ಡು 15 ದಿನಕ್ಕೆ. ವಾಪಸ್ ಇಲ್ಲ, ಬೇಕಾದರೆ ಕಡಿಮೆ ತಗೊಳ್ಳಿ, ವಾರ ವಾರ ಹೊಸದು ಕಳಿಸುತ್ತೇನೆ. ಮೂರು ತಿಂಗಳು ಸರಿಯಾಗಿ ನಡೆದರೆ ಜಾಸ್ತಿ ಮಾಡೋಣ.

ಆಗಲ್ಲ ಅಂದುಬಿಟ್ಟರೆ? ಅಡುಗೆಮನೆಯಲ್ಲಿ ಅವಳ ಮುಖ ಹೇಗೆ ನೋಡಲಿ?

15 ತೀರಾ ಕಡಿಮೆ ಆಯಿತೇನೋ. 20 ಅನ್ನಲಾ? 20 ಆದರೆ ವಾರಕ್ಕೆ 4,600. ಮೂರು ವಾರ ದುಡ್ಡು ಬರದಿದ್ದರೂ 13,800, ಅವರು ಕೇಳಿದ ಒಂದು ವಾರದ್ದಷ್ಟೇ. ಅಷ್ಟು ತಡೆಯಬಹುದು. ತಂಗೀನ ದಿನಾ ಅಲ್ಲದಿದ್ದರೂ ವಾರಕ್ಕೆ ಎರಡು ದಿನ ಕರೆಯಬಹುದು, ಒತ್ತುವುದಕ್ಕಲ್ಲ, ಪ್ಯಾಕಿಂಗಿಗೆ, ಆಗ ಕೂಲಿ ಎಷ್ಟು ಸೇರುತ್ತೆ ಅಂತ ಒಂದ್ಸಲ

ಅಯ್ಯೋ, ಬೆಣ್ಣೆ ಹೊರಗೇ ಇದೆ.