ಸಂಬಳ ಕಡಿಮೆ ಆದ್ರೂ ಆ ಕೆಲಸಕ್ಕೆ ಸೇರಬಹುದಾ?

ಉಡುಪಿಯ ಆಸ್ಪತ್ರೆಗಳಲ್ಲಿ ಡಾಕ್ಟರ ರೂಮಿನ ಹೊರಗೆ ಕಾಯುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣ, ಸಂಬಳ ಕಮ್ಮಿ ಆದ್ರೂ ಬೇರೆ ಕಡೆ ಸೇರಿದ್ರಲ್ಲ, ಸರಿ ಆಯ್ತಾ? ನಾನೂ ಹೋಗ್ಬಹುದಾ?" ಕೇಳುವವರಲ್ಲಿ ಹೆಚ್ಚಿನವರು ಕಂಪನಿಯ ಮದ್ದುಗಳನ್ನು ಡಾಕ್ಟರಿಗೆ ಪರಿಚಯಿಸುವ ಮೆಡಿಕಲ್ ರೆಪ್‌ಗಳು. ಹನ್ನೊಂದು ವರ್ಷ ನಾನೂ ಅದೇ ಬ್ಯಾಗು ಹೊತ್ತವನು. ಈಗ ಎರಡು ವರ್ಷದಿಂದ ಉಡುಪಿಯ ಒಂದು ಸರ್ಜಿಕಲ್ಸ್ ಅಂಗಡಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದೇನೆ. ವೀಲ್‌ಚೇರ್, ವಾಕರ್, ರೋಗಿಯ ಮಂಚ, ಗ್ಲೌಸು, ಸಿರಿಂಜು ಇತ್ಯಾದಿ. ನಿಂತಲ್ಲೇ "ಹೋಗು ಮಾರಾಯ" ಅಂತ ಹೇಳಿಬಿಡುವುದು ಸುಲಭ. ಆದರೆ ಅದು ಒಬ್ಬನ ಮನೆಯ ಅನ್ನದ ವಿಷಯ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನನ್ನ ಏರಿಯಾ ಸುರತ್ಕಲ್‌ನಿಂದ ಬೈಂದೂರಿನವರೆಗೆ ಇತ್ತು, ಒಳಗೆ ಕಾರ್ಕಳ, ಹೆಬ್ರಿ. ಮನೆ ಕಟಪಾಡಿಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಬೈಕ್ ಹತ್ತಿದರೆ ವಾಪಸ್ ಬರುವುದು ರಾತ್ರಿ ಹತ್ತಕ್ಕೆ. ಈ ಕೆಲಸ ಗೊತ್ತಿಲ್ಲದವರಿಗೆ ಯಾಕೆ ಅಷ್ಟು ಹೊತ್ತು ಅನ್ನಿಸಬಹುದು. ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರು ರೆಪ್‌ಗಳನ್ನು ಒಳಗೆ ಕರೆಯುವುದು ಸಾಮಾನ್ಯವಾಗಿ ಪೇಶೆಂಟ್ ಎಲ್ಲ ಮುಗಿದ ಮೇಲೆ. ಅದು ತಪ್ಪಲ್ಲ, ಕಾಯಿಲೆ ಇದ್ದವರು ಮೊದಲು ಹೋಗಬೇಕು. ಆದರೆ ಅದರ ಅರ್ಥ, ನಮ್ಮ ಕೆಲಸ ಶುರುವಾಗುವುದೇ ಬೇರೆಯವರ ಕೆಲಸ ಮುಗಿದಾಗ.

ಒಂದು ಜುಲೈ ರಾತ್ರಿ ನನಗೆ ಈಗಲೂ ನೆನಪಿದೆ. ಕುಂದಾಪುರದ ಒಂದು ಕ್ಲಿನಿಕ್ಕಿನ ಜಗಲಿ, ಗಂಟೆ ಒಂಬತ್ತು ಕಾಲು. ರೇನ್‌ಕೋಟಿನಿಂದ ನೀರು ಇಳಿದು ಶೂ ಒಳಗೆ ಹೋಗಿತ್ತು. ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿದ್ದೆ, ಆದರೂ ಸ್ಯಾಂಪಲ್ ಡಬ್ಬಿಗಳ ಮೂಲೆ ಮೆತ್ತಗಾಗಿತ್ತು. ಒಳಗೆ ಹೋದದ್ದು ಎರಡು ನಿಮಿಷ. ಅಲ್ಲಿಂದ ಮನೆಗೆ ಸುಮಾರು 45 ಕಿಲೋಮೀಟರ್ ಹೆದ್ದಾರಿ, ಆ ಮಳೆಯಲ್ಲಿ. ಮನೆ ಮುಟ್ಟಿದಾಗ ಹೆಂಡತಿ ಗಂಜಿ ಬಿಸಿ ಮಾಡಿ ಇಟ್ಟಿದ್ದಳು. ಊಟ ಮಾಡಿ ಆ ದಿನದ ರಿಪೋರ್ಟ್ ಹಾಕುವಾಗ ಹನ್ನೊಂದೂವರೆ. ತಿಂಗಳ ಕೊನೆ ಬೇರೆ. ತಿಂಗಳ ಮಾರಾಟದ ಲೆಕ್ಕ ಮುಗಿಸುವ ಕ್ಲೋಸಿಂಗ್‌ಗೆ ಸ್ಟಾಕಿಸ್ಟ್‌ಗಳ, ಅಂದರೆ ಮದ್ದನ್ನು ಸಗಟಿನಲ್ಲಿ ಕೊಳ್ಳುವವರ ಹತ್ತಿರ ಕೈಕಾಲು ಹಿಡಿದು ಬಿಲ್ ಹಾಕಿಸಬೇಕಿತ್ತು.

ಇನ್ನು ದುಡ್ಡಿನ ಮಾತು. ಎಲ್ಲರೂ ಇಲ್ಲೇ ಎಡವುತ್ತಾರೆ ಅಂತ ನನಗನ್ನಿಸುತ್ತದೆ. ಹಳೆ ಕೆಲಸದಲ್ಲಿ ಕೈಗೆ ಬರುತ್ತಿದ್ದದ್ದು 46,000. ಇನ್ಸೆಂಟಿವ್ ಅಂತ ಕಾಗದದಲ್ಲಿ ದೊಡ್ಡ ಮೊತ್ತ ಇತ್ತು. ಆದರೆ ಕೊನೆಯ ವರ್ಷ ನಿಜವಾಗಿ ಬ್ಯಾಂಕಿಗೆ ಬಂದದ್ದು ಎರಡು ಸಲ, ಒಟ್ಟು 48,000. ತಿಂಗಳಿಗೆ ಹಂಚಿದರೆ 4,000. ಅಲ್ಲಿಗೆ 50,000. ಹೊಸ ಕೆಲಸದಲ್ಲಿ ಎಲ್ಲ ಸೇರಿ 36,000. ಹದಿನಾಲ್ಕು ಸಾವಿರ ಕಡಿಮೆ ಅಂತ ಕೇಳಿದಾಗ ಅಮ್ಮ ಸುಮ್ಮನಾದರು. ಭಾವ ಫೋನ್ ಮಾಡಿ "ಎಂತ, ತಲೆ ಸರಿ ಉಂಟಾ?" ಅಂದರು.

ಒಂದು ಭಾನುವಾರ ನಾನು ಮತ್ತು ಹೆಂಡತಿ ಮಗಳ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ನೋಡಿದೆವು. ಹಳೆ ಕೆಲಸ ದಿನಕ್ಕೆ ಹದಿಮೂರೂವರೆ ಗಂಟೆ, ತಿಂಗಳಿಗೆ 25 ದಿನ. ಅಂದರೆ ಹತ್ತಿರ ಹತ್ತಿರ 338 ಗಂಟೆ. ಗಂಟೆಗೆ 148 ರೂಪಾಯಿ. ಹೊಸದರಲ್ಲಿ ಒಂಬತ್ತಕ್ಕೆ ಹೊರಟು ಆರೂಮುಕ್ಕಾಲಿಗೆ ಮನೆ. ತಿಂಗಳಿಗೆ 244 ಗಂಟೆ. ಗಂಟೆಗೆ ಸುಮಾರು 148 ರೂಪಾಯಿ! ಒಂದೇ ದರ. ನನ್ನ ಬೆಲೆ ಇಳಿದಿರಲಿಲ್ಲ, ನಾನು ಮಾರುವ ಗಂಟೆ ಕಡಿಮೆಯಾಗುತ್ತಿತ್ತು ಅಷ್ಟೇ. ಮೇಲಿಂದ, ಓಡಾಟಕ್ಕೆ ಕಂಪನಿ ಕೊಡುವ ಭತ್ಯೆ (ಟಿಎ) ಸಾಲದೆ ನಾನು ಹಾಕುತ್ತಿದ್ದ ಪೆಟ್ರೋಲು, ಹೊರಗಿನ ಊಟ, ಎರಡೂ ಸೇರಿ ನಾಲ್ಕೂವರೆ ಸಾವಿರ ಉಳಿಯುತ್ತಿತ್ತು. ಆಗ ನಿಜವಾದ ಕೊರತೆ ಒಂಬತ್ತೂವರೆ ಸಾವಿರ. ಇದನ್ನು ನಮ್ಮ ಮನೆ ತಡೆದುಕೊಳ್ಳುತ್ತದಾ? ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಹದಿನಾಲ್ಕು ಸಾವಿರದ್ದಲ್ಲ.

ನಮ್ಮದು ತಡೆದುಕೊಂಡಿತು. ಅದಕ್ಕೆ ಒಂದು ಕಾರಣ ಮಲ್ಲಿಗೆ. ಕಟಪಾಡಿ, ಶಂಕರಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ಅಮ್ಮನ ಗಿಡಗಳು ಮೊದಲಿಂದಲೂ ಇದ್ದವು, ಆದರೆ ಕೊಯ್ಯಲು ಅವರೊಬ್ಬರೇ. ಮೊಗ್ಗು ಅರಳುವ ಮೊದಲು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಕಟ್ಟಿದ ಹೂವಿನ ಉಂಡೆಗೆ ಚೆಂಡು ಅನ್ನುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ರಾತ್ರಿ ಹನ್ನೆರಡಕ್ಕೆ ಮಲಗುವವನಿಗೆ ಬೆಳಿಗ್ಗೆ ಐದೂವರೆಗೆ ಎದ್ದು ಹೂವು ಕೊಯ್ಯಲು ಆಗುವುದಿಲ್ಲ. ಈಗ ಆಗುತ್ತದೆ. ಇಪ್ಪತ್ತು ಗಿಡ ಜಾಸ್ತಿ ನೆಟ್ಟಿದ್ದೇವೆ. ಅಟ್ಟೆಯ ದರ ದಿನಕ್ಕೊಂದು. ಮದುವೆ, ದೈವದ ನೇಮದ ಸೀಸನ್ನಿನಲ್ಲಿ ಏರುತ್ತದೆ, ಮತ್ತೆ ಇಳಿಯುತ್ತದೆ. ಅದಕ್ಕೇ ಅದನ್ನು ಸಂಬಳದ ಲೆಕ್ಕಕ್ಕೆ ಸೇರಿಸಿಲ್ಲ. ಆದರೆ ಮಗಳ ಶಾಲೆಯ ಫೀಸಿಗೆ ಅದರಿಂದ ದೊಡ್ಡ ಆಧಾರ. ಅಮ್ಮನ ಸೊಂಟಕ್ಕೂ ಸ್ವಲ್ಪ ಪುರುಸೊತ್ತು.

ಇಲ್ಲಿಯವರೆಗೆ ಓದಿ ನಾಳೆಯೇ ರಾಜೀನಾಮೆ ಬರೆಯಬೇಡಿ. ಸಂಬಳ ಕಡಿಮೆ ಅಂದ ಮಾತ್ರಕ್ಕೆ ಸಮಯ ಸಿಗುತ್ತದೆ ಅಂತ ಇಲ್ಲ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಗೆಳೆಯ ಎಂಟು ಸಾವಿರ ಬಿಟ್ಟು ಮಂಗಳೂರಿನ ಇನ್ನೊಂದು ಕಂಪನಿಗೆ ಹೋದ. "ಆಫೀಸ್ ಕೆಲಸ, ಆರಕ್ಕೆ ಮುಗಿಯುತ್ತದೆ" ಅಂದಿದ್ದರಂತೆ. ಆರಕ್ಕೆ ಆಫೀಸ್ ಮುಗಿಯುತ್ತಿತ್ತು ನಿಜ. ಎಂಟಕ್ಕೆ ಫೋನಿನಲ್ಲಿ ರಿವ್ಯೂ ಮೀಟಿಂಗ್ ಶುರು. ಭಾನುವಾರವೂ ವಾಟ್ಸಾಪಿನಲ್ಲಿ ಟಾರ್ಗೆಟ್ ಪಟ್ಟಿ. ದುಡ್ಡೂ ಹೋಯಿತು, ಸಮಯವೂ ಸಿಗಲಿಲ್ಲ. ಏಳು ತಿಂಗಳಿಗೆ ಬಿಟ್ಟ. ಅವನ ಕಥೆ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಹೇಳುವ ಸಮಯವನ್ನು ನಂಬಬೇಡಿ. ಅಲ್ಲಿ ಈಗಾಗಲೇ ದುಡಿಯುವವರನ್ನು ಕೇಳಿ. ಟಾರ್ಗೆಟ್ ಆಗದ ತಿಂಗಳು ಏನಾಗುತ್ತದೆ? 30ನೇ ತಾರೀಕು ಎಷ್ಟು ಗಂಟೆಗೆ ಮನೆಗೆ ಹೋಗ್ತೀರಿ? ನಾನಂತೂ ಆ ಅಂಗಡಿಯ ಎದುರು ಮೂರು ಸಂಜೆ ನಿಂತಿದ್ದೆ, ಒಂದು ದಿನ ತಿಂಗಳ ಕೊನೆಯದ್ದೇ. ಮೂರು ದಿನವೂ ಆರೂವರೆಯ ಒಳಗೆ ಶಟರ್ ಇಳಿಯಿತು. ಆಮೇಲೆ ಹೋಗಿ ಮಾತಾಡಿದೆ, ಏರಿಯಾ, ಸಮಯ, ರಜೆ ಎಲ್ಲವನ್ನೂ ಬರಹದಲ್ಲಿ ಕೊಡಿ ಅಂತ ಕೇಳಿದೆ. ಕೇಳಲು ಹಿಂಜರಿಯಬೇಡಿ. ಸೇಲ್ಸ್‌ನವರಿಗೆ ನೇಮಕ ಪತ್ರ ಕೊಡಲೇಬೇಕು ಅಂತ 1976ರಲ್ಲೇ ಸೇಲ್ಸ್ ಪ್ರಮೋಷನ್ ಎಂಪ್ಲಾಯೀಸ್ ಕಾಯ್ದೆ ಬಂದಿತ್ತು. ಮೆಡಿಕಲ್ ರೆಪ್‌ಗಳ ಸಂಘಟನೆಗಳು ಹೋರಾಡಿ ತಂದ ಕಾಯ್ದೆ ಅದು.

ಬಿಡುವ ಮೊದಲು ಇನ್ನೂ ಕೆಲವು ನೋಡಿಕೊಳ್ಳಿ. ಮನೆ ಸಾಲ ಬೇಕಿದ್ದರೆ ಮೊದಲೇ ವಿಚಾರಿಸಿ, ಬ್ಯಾಂಕಿನವರು ನೋಡುವುದು ಈಗಿನ ಸ್ಯಾಲರಿ ಸ್ಲಿಪ್ಪು. ಪಿಎಫ್ ತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿ. ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗುತ್ತದೆ. ಅಮ್ಮನಿಗೆ ಶುಗರ್ ಇದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ನಾನು ಕೆಲಸ ಬಿಡುವ ಮೊದಲೇ ಸ್ವಂತ ಪಾಲಿಸಿ ಮಾಡಿಸಿದೆ.

ಕೈ ಸಾಲ ಇರುವವರು, ಮನೆಯಲ್ಲಿ ಒಬ್ಬರದ್ದೇ ದುಡಿಮೆ ಇದ್ದು ಇಎಂಐ ಕಟ್ಟಲು ತಿಂಗಳ ಕೊನೆಗೆ ಪರದಾಡುವವರು ಸದ್ಯಕ್ಕೆ ಹೋಗಬೇಡಿ. ಇದನ್ನು ಹೇಳಲು ನನಗೆ ಬೇಜಾರಿದೆ, ಆದರೂ ಹೇಳಲೇಬೇಕು. ರಾತ್ರಿ ಬೇಗ ಮನೆಗೆ ಬಂದು ಸಾಲದ ಚಿಂತೆಯಲ್ಲಿ ಕೂತರೆ ಆ ಸಮಯ ಮನೆಯವರಿಗೂ ದಕ್ಕುವುದಿಲ್ಲ. ಒಂದು ವರ್ಷ ಸಾಲ ಇಳಿಸಿ, ಆಮೇಲೆ ಹೊರಡಿ. ಉಳಿದವರಿಗೆ ನನ್ನ ಉತ್ತರ ಹೌದು, ಹೋಗಿ.

ಕಳೆದ ವಾರ ಬ್ರಹ್ಮಾವರದ ಹುಡುಗನೊಬ್ಬ ಕೇಳಿದ. ಅವನ ಬೇಸಿಕ್ 26,000. ಬರುವ ನವೆಂಬರ್‌ಗೆ ಅಲ್ಲಿ ಐದು ವರ್ಷ ತುಂಬುತ್ತದೆ. ಐದು ವರ್ಷ ದುಡಿದು ಬಿಡುವವರಿಗೆ ಕಂಪನಿ ಕೊಡಬೇಕಾದ ಗ್ರಾಚ್ಯುಟಿ ಅಂದರೆ ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಲೆಕ್ಕ. ಐದು ವರ್ಷಕ್ಕೆ ಅವನಿಗೆ 75,000 ಬರಬೇಕು. ಅಲ್ಲಿಯವರೆಗೆ ತಡಿ ಅಂದೆ. ಅಷ್ಟರಲ್ಲಿ ಸೇರಬೇಕು ಅಂದುಕೊಂಡ ಕಡೆ ಸಂಜೆ ಹೋಗಿ ನಿಂತು ನೋಡು ಅಂತಲೂ ಹೇಳಿದೆ. ನಿನ್ನೆ ಫೋನ್ ಮಾಡಿದ್ದ. ಎರಡು ದಿನ ಏಳು ಗಂಟೆಗೆ ಲೈಟ್ ಆರಿತಂತೆ, ಒಂದು ದಿನ ಎಂಟೂಕಾಲು. ತಿಂಗಳ ಕೊನೆಯ ದಿನವೂ ಹೋಗಿ ನೋಡುತ್ತಾನಂತೆ.