ಹೌದು, ಅದೇ ಸೀರೆ

ನೆಂಟರಿಷ್ಟರ ಯಾವ ಮದುವೆಗೆ ಹೋದರೂ ನನಗೆ ತಪ್ಪದೆ ಎದುರಾಗುವ ಪ್ರಶ್ನೆ, "ಹೊಸ ಸೀರೆ ಯಾಕೆ ತಗೊಳ್ಳೋದಿಲ್ಲ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಇರುವ ಸೀರೆಗಳು ಹರಿದಿಲ್ಲ, ಆದ್ದರಿಂದ ಕೊಳ್ಳುವುದಿಲ್ಲ. ಇಷ್ಟಕ್ಕೆ ಸಮಾಧಾನವಾಗದವರು ಮುಂದೆ ಓದಬಹುದು.

ನನ್ನನ್ನು ಹೆಚ್ಚು ಕೆಣಕುವುದು ಕೇಳುವ ರೀತಿ. ದಾವಣಗೆರೆಯ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತು ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ, ಪಕ್ಕದಲ್ಲಿದ್ದ ದೂರದ ಸಂಬಂಧದ ಅತ್ತಿಗೆ ನನ್ನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇದು ಗೃಹಪ್ರವೇಶಕ್ಕೂ ಉಟ್ಟಿದ್ದೆ ಅಲ್ವಾ? ಮನೇಲಿ ಎಲ್ಲಾ ಸರಿ ಇದೆ ತಾನೆ?" ಎಂದು ದನಿ ತಗ್ಗಿಸಿ ವಿಚಾರಿಸಿದರು. ಗಂಡನ ಕೆಲಸ ಹೋಗಿರಬೇಕು ಎಂಬುದು ಆ ಕನಿಕರದ ತಾತ್ಪರ್ಯ. ಆ ಗಂಡ ಎಲ್ಲ ಮದುವೆಗೂ ಉಡುವ ಅದೇ ಬಿಳಿ ಪಂಚೆಯಲ್ಲಿ ಎದುರು ಸಾಲಿನಲ್ಲೇ ಕೂತಿದ್ದರು. ಅವರ ಆದಾಯದ ಬಗ್ಗೆ ಯಾರಿಗೂ ಆತಂಕವಾಗಲಿಲ್ಲ.

ಊಟ ಮುಗಿಯುವಷ್ಟರಲ್ಲಿ ಅತ್ತಿಗೆ ಮೊಬೈಲ್ ತೆಗೆದು, 299 ರೂಪಾಯಿಗೆ ತರಿಸಿಕೊಂಡ ಕುರ್ತಿಯ ಚಿತ್ರ ತೋರಿಸಿ, ನಾಲ್ಕು ಸಲ ಹಾಕಿ ಬಿಸಾಡಿದರೂ ನಷ್ಟವಿಲ್ಲ ಎಂದರು. ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿರುವ ಪ್ರಶ್ನೆ ಅಲ್ಲೇ ಇತ್ತು: ನೂಲು, ಬಣ್ಣ, ಪ್ಯಾಕೆಟ್ಟು, ಬಾಗಿಲಿಗೆ ತಂದವನ ಪೆಟ್ರೋಲು, ನಡುವಿನ ಎಲ್ಲರ ಲಾಭ ಕಳೆದ ಮೇಲೆ ಆ 299ರಲ್ಲಿ ಹೊಲಿದವಳಿಗೆ ಉಳಿದದ್ದೆಷ್ಟು?

ಈ ಅಗ್ಗದ ಲೆಕ್ಕ ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು ಢಾಕಾ ಬಳಿಯ ಸಾವರ್ ತೋರಿಸಿದೆ. ಅಲ್ಲಿನ ರಾಣಾ ಪ್ಲಾಜಾ ಕಟ್ಟಡದಲ್ಲಿ ಬಿರುಕು ಕಂಡಾಗ ಕೆಳಗಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಮಾತ್ರ ಮರುದಿನ, ಅಂದರೆ 2013ರ ಏಪ್ರಿಲ್ 24ರಂದು, ಕೆಲಸಗಾರರನ್ನು ಒಳಗೆ ಕರೆಸಿಕೊಂಡವು. ಕಟ್ಟಡ ಕುಸಿದು ಸತ್ತವರು 1,134 ಮಂದಿ.

ಹಾಗೆ ಹೊಲಿಸಿದ ಬಟ್ಟೆಯನ್ನು ನಾವು ಮಾಡುವುದಾದರೂ ಏನು? 2000ದಿಂದ 2015ರ ನಡುವೆ ಜಗತ್ತಿನ ಸಿದ್ಧ ಉಡುಪುಗಳ ಉತ್ಪಾದನೆ ಸುಮಾರು ಎರಡು ಪಟ್ಟಾಯಿತು, ಒಂದು ಬಟ್ಟೆಯನ್ನು ತೊಡುವ ಸಲಗಳು ಮಾತ್ರ ಕಡಿಮೆಯಾದವು. ಅದರಲ್ಲಿ ದೊಡ್ಡ ಪಾಲು ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂ. ಪ್ರತಿ ಒಗೆತಕ್ಕೂ ಸೂಕ್ಷ್ಮ ಎಳೆಗಳನ್ನು ಮೋರಿಗೆ ಬಿಡುವಂಥದ್ದು. ಹಳೆಯ ಹತ್ತಿ ಸೀರೆಗಾದರೆ ಕೌದಿಯ, ಅಂದರೆ ಹಳೆ ಬಟ್ಟೆಗಳನ್ನು ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆಯ, ಗತಿಯಿತ್ತು. ನನ್ನ ನಾದಿನಿ ಒಮ್ಮೆ ಕೌದಿ ಹೊಲಿಯುವವಳ ಮುಂದೆ ಇಂಥ ಕುರ್ತಿಗಳ ಗಂಟು ಬಿಚ್ಚಿದಾಗ, ಆಕೆ ಒಂದೊಂದನ್ನೇ ಮುಷ್ಟಿಯಲ್ಲಿ ಹಿಂಡಿ ನೋಡಿ, "ಇವು ಬೆವರು ಹೀರಂಗಿಲ್ರಿ, ಬ್ಯಾಡ" ಎಂದು ಪಕ್ಕಕ್ಕೆ ತಳ್ಳಿದಳು. ಗಂಟು ಕಸದ ಗಾಡಿಗೆ ಹೋಯಿತು.

ಇಷ್ಟು ಹೇಳಿದ ಕೂಡಲೇ ಒಬ್ಬರಲ್ಲ ಒಬ್ಬರು, "ಎಲ್ಲರೂ ನಿನ್ನ ಹಾಗೆ ಕೂತರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಗತಿಯೇನು?" ಎಂದು ಬಾಯಿ ಮುಚ್ಚಿಸಲು ನೋಡುತ್ತಾರೆ. ಆರ್ಡರ್ ಕಡಿಮೆಯಾದರೆ ಮೊದಲ ಪೆಟ್ಟು ಅವರಿಗೇ ಎಂಬುದು ನಿಜ, ಒಪ್ಪುತ್ತೇನೆ. ಆದರೆ ನಾವು ಕಪಾಟು ತುಂಬಿಸಿಕೊಂಡ ಈ ವರ್ಷಗಳಲ್ಲೇ, 2016ರ ಏಪ್ರಿಲ್‌ನಲ್ಲಿ, ಅವರು ಬೆಂಗಳೂರಿನಲ್ಲಿ ಬೀದಿಗಿಳಿಯಬೇಕಾಯಿತು. ಪಿಎಫ್‌ನಲ್ಲಿ, ಅಂದರೆ ಕೆಲಸಗಾರರ ಭವಿಷ್ಯ ನಿಧಿಯಲ್ಲಿ, ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಕಣ್ಣು, ಬೆನ್ನು ಸೋತು ಎಷ್ಟೋ ಮೊದಲೇ ಮಿಷನ್ ಬಿಟ್ಟೇಳುವವರಿಗೆ, ಕೆಲಸ ಬಿಟ್ಟಾಗ ಸಿಗುವ ಆ ದುಡ್ಡೇ ಮಕ್ಕಳ ಫೀಸು, ಮಗಳ ಮದುವೆ. ಸಾವಿರಾರು ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದು ಲಾಠಿ, ಅಶ್ರುವಾಯು ಎದುರಿಸಿದ ಮೇಲೆ, 19ರಂದು ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಅವರು ಕೇಳಿದ್ದು ತಮ್ಮದೇ ಉಳಿತಾಯವನ್ನು. ನಾವು ಇನ್ನೂ ನಾಲ್ಕು ಕುರ್ತಿ ಕೊಳ್ಳಬೇಕೆಂದು ಅಲ್ಲಿ ಯಾರೂ ಘೋಷಣೆ ಕೂಗಲಿಲ್ಲ. ಆ ದಿನಗಳಲ್ಲಿ ಬೆಂಗಳೂರಿನಲ್ಲಿದ್ದ ನಮ್ಮ ಬಂಧುಗಳನ್ನು ಕೇಳಿ ನೋಡಿ, ಅವರಿಗೆ ಟ್ರಾಫಿಕ್ ಜಾಮ್ ಮಾತ್ರ ಚೆನ್ನಾಗಿ ನೆನಪಿದೆ.